ಗುಂಡಿ ಒತ್ತಿದರೆ ವಸ್ತು ಬರುತ್ತದೆ, ಕೆಲಸಕ್ಕೆ ಬರುವುದಿಲ್ಲ

ಬೇಕಾದ ಬಿಡಿಭಾಗವನ್ನು ಇನ್ನು ಊರಲ್ಲೇ ಪ್ರಿಂಟ್ ಮಾಡಿಕೊಳ್ಳಬಹುದು ಎಂಬ ಮಾತು ಈಗ ವಿಜ್ಞಾನ ಪ್ರದರ್ಶನದ ವೇದಿಕೆಯಿಂದ ಹಿಡಿದು ಟಿವಿ ಚರ್ಚೆಯವರೆಗೆ ಎಲ್ಲ ಕಡೆ ಓಡಾಡುತ್ತಿದೆ. ಅದರ ಹಿಂದೆ ಇನ್ನೆರಡು ಮಾತು ತಪ್ಪದೆ ಬರುತ್ತವೆ. ತ್ರೀಡಿ ಪ್ರಿಂಟರಿಗೆ ಆಕಾರದ ಹಂಗಿಲ್ಲ, ಎಷ್ಟು ಸಿಕ್ಕುಸಿಕ್ಕಾದುದನ್ನೂ ಅದು ಮಾಡಿಕೊಡುತ್ತದೆ ಎಂಬುದು ಒಂದು. ಆದ್ದರಿಂದ ಲೇತು, ಎರಕ, ಬಡಿಗತನದ ಹಳೆಯ ತಿಳಿವಳಿಕೆ ಇನ್ನು ಬೇಕಿಲ್ಲ ಎಂಬುದು ಇನ್ನೊಂದು. ಮೊದಲ ಮಾತು ಅರ್ಧ ನಿಜ. ಉಳಿದೆರಡು ಸುಳ್ಳು. ಆ ಎರಡನ್ನು ನಂಬಿ ಕೂತದ್ದರಿಂದಲೇ ಮೊದಲನೆಯದು ಅರ್ಧಕ್ಕೆ ನಿಂತಿದೆ.

ವಾದವನ್ನು ಗಾಳಿಯಲ್ಲಿ ತೇಲಿಬಿಡುವುದು ಬೇಡ. ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಸಾಲೋಟಗಿಯ ಯಾವುದಾದರೂ ಲಿಂಬೆ ತೋಟಕ್ಕೆ ಹೋಗೋಣ. ಡ್ರಿಪ್ ಪೈಪಿಗೆ ನೀರು ತಿರುಗಿಸಲು ಪಿವಿಸಿ ಬಾಲ್ ವಾಲ್ವ್ ಕೂಡಿಸಿರುತ್ತಾರೆ. ನಮ್ಮ ಕಡೆ ಅದಕ್ಕೆ ಕಾಕ್ ಅನ್ನುತ್ತಾರೆ. ಕೆಲವು ಬೇಸಿಗೆಯ ಬಿಸಿಲು ತಿಂದ ಮೇಲೆ ಅದರ ಹಿಡಿಕೆ ಪೆಡಸಾಗುತ್ತದೆ. ಒಳಗೆ ಉಪ್ಪು ಕಟ್ಟಿ ಕಾಕ್ ಬಿಗಿಯಾಗಿರುತ್ತದೆ. ಒಂದು ದಿನ ಜೋರು ಹಾಕಿ ತಿರುವಿದಾಗ ಹಿಡಿಕೆ ಲಟಕ್ಕನೆ ಮುರಿಯುತ್ತದೆ. ಕಾಕ್ ಗಟ್ಟಿಮುಟ್ಟಾಗಿದೆ, ಹಿಡಿಕೆ ಮಾತ್ರ ಇಲ್ಲ. ಬಿಡಿ ಹಿಡಿಕೆ ಅಂಗಡಿಯಲ್ಲಿ ಸಿಗುವುದು ಅಪರೂಪ. ಪಕ್ಕಡದಿಂದ ಹಿಡಿದು ತಿರುವುತ್ತ ರೈತ ದಿನ ದೂಡುತ್ತಾನೆ. ಪ್ರಿಂಟರಿನ ಪರವಾಗಿ ಭಾಷಣ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಮುರಿದದ್ದನ್ನು ಅಳೆದು, ಕಂಪ್ಯೂಟರಿನಲ್ಲಿ ಹಾಗೇ ಬಿಡಿಸಿ ಪ್ರಿಂಟ್ ಕೊಟ್ಟರೆ ಆಯಿತಲ್ಲ!

ಆಗುವುದಿಲ್ಲ. ಆ ಹಿಡಿಕೆಯನ್ನು ಬೋರಲು ಹಾಕಿ ನೋಡಿ. ಮೇಲಿನಿಂದ ಗಟ್ಟಿ ತುಂಡಿನಂತೆ ಕಂಡರೂ ತಳ ಪೊಳ್ಳು; ಒಳಗೆ ತೆಳ್ಳನೆಯ ಪಟ್ಟಿಗಳು ಅಡ್ಡಡ್ಡ ನಿಂತಿರುತ್ತವೆ. ಕಂಪನಿಯವರು ಹಾಗೆ ಮಾಡಿದ್ದಕ್ಕೆ ಕಾರಣವಿದೆ. ಕರಗಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿನೊಳಗೆ ಒತ್ತಡದಿಂದ ತುಂಬಿ ತಯಾರಿಸುವ ವಸ್ತು ಅದು. ಅಚ್ಚಿನಲ್ಲಿ ದಪ್ಪ ಭಾಗ ತಡವಾಗಿ ಆರುತ್ತದೆ, ಆರುವಾಗ ಕುಗ್ಗುತ್ತದೆ, ಕುಗ್ಗಿದಲ್ಲಿ ಮೇಲ್ಮೈ ಕುಳಿ ಬೀಳುತ್ತದೆ. ಅಚ್ಚು ಬೇಗ ಬಿಡುಗಡೆಯಾದಷ್ಟೂ ಗಂಟೆಗೆ ಹೆಚ್ಚು ಹಿಡಿಕೆ. ಅದಕ್ಕೇ ಗೋಡೆ ತೆಳುವಾಗಿಟ್ಟು ಪಟ್ಟಿಗಳಿಂದ ಬಲ ಕೊಡುತ್ತಾರೆ. ಅಂದರೆ ಆ ಪಟ್ಟಿಗಳು ಹಿಡಿಕೆಯ ಅಗತ್ಯದಿಂದ ಹುಟ್ಟಿದವಲ್ಲ, ಅಚ್ಚಿನ ಅಗತ್ಯದಿಂದ ಹುಟ್ಟಿದವು. ಪ್ರಿಂಟರಿಗೆ ಆ ಕಷ್ಟವೇ ಇಲ್ಲ; ಅದು ದಪ್ಪ ತುಂಡನ್ನು ಆರಾಮವಾಗಿ ಕಟ್ಟುತ್ತದೆ. ಪೊಳ್ಳನ್ನು ಕಟ್ಟಲು ಮಾತ್ರ ಅದು ಪರದಾಡುತ್ತದೆ, ಏಕೆಂದರೆ ಗಾಳಿಯ ಮೇಲೆ ಪದರ ನಿಲ್ಲುವುದಿಲ್ಲ. ಸುಮಾರು 45 ಡಿಗ್ರಿಗಿಂತ ಹೆಚ್ಚು ಹೊರಚಾಚಿದ ಭಾಗಕ್ಕೆ ಕೆಳಗಿನಿಂದ ಆಧಾರ ಬೇಕು. ಆ ಆಧಾರವನ್ನೂ ಪ್ರಿಂಟರೇ ಕಟ್ಟಬೇಕು, ಆಮೇಲೆ ನೀವು ಕೆತ್ತಿ ತೆಗೆಯಬೇಕು. ಹಿಡಿಕೆಯನ್ನು ಇದ್ದ ಹಾಗೇ ನಕಲು ಮಾಡಿದ ಹುಡುಗ ಇನ್ನೊಂದು ಯಂತ್ರದ ಕಟ್ಟುಪಾಡನ್ನು ಈ ಯಂತ್ರಕ್ಕೆ ತಂದು ಹೇರಿ, ಈ ಯಂತ್ರದ ಅನುಕೂಲವನ್ನು ಕೈಬಿಟ್ಟಿರುತ್ತಾನೆ. ಎರಡೂ ಕಡೆ ನಷ್ಟ.

ಮುಂದಿನ ತಪ್ಪು ಇನ್ನೂ ದೊಡ್ಡದು. ನಮ್ಮ ಶಾಲೆ–ಕಾಲೇಜುಗಳಲ್ಲಿರುವ ಸಾಮಾನ್ಯ ಪ್ರಿಂಟರ್ ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ, 0.4 ಮಿಲಿಮೀಟರ್ ಬಾಯಿಯಿಂದ ಹೊರಬಿಟ್ಟು, 0.2 ಮಿಲಿಮೀಟರ್ ದಪ್ಪದ ಪದರದ ಮೇಲೆ ಪದರ ಇಡುತ್ತ ಹೋಗುತ್ತದೆ. ಆರು ಸೆಂಟಿಮೀಟರ್ ಎತ್ತರಕ್ಕೆ 300 ಪದರ. ಒಂದೇ ಪದರದೊಳಗೆ ಎಳೆ ಗಟ್ಟಿ. ಪದರ–ಪದರದ ನಡುವಿನ ಬೆಸುಗೆ ಮೆತ್ತಗೆ, ಹಲವು ಸಲ ಅರ್ಧದಷ್ಟೇ ಬಲ. ಕೊಡಲಿಯ ಕಾವಿಗೆ ನಾರು ಅಡ್ಡ ಬಿದ್ದ ಕಟ್ಟಿಗೆಯನ್ನು ಯಾವ ಬಡಿಗನೂ ಹಾಕುವುದಿಲ್ಲ. ಪ್ರಿಂಟರಿನ ಪದರಕ್ಕೂ ಅದೇ ನಿಯಮ. ಹತ್ತು ಸೆಂಟಿಮೀಟರ್ ಉದ್ದದ ಹಿಡಿಕೆಯ ತುದಿಗೆ ಹತ್ತು ಕಿಲೋದಷ್ಟು ಒತ್ತು ಕೊಟ್ಟರೆ, ನಡುವಿನಿಂದ ಒಂದೇ ಸೆಂಟಿಮೀಟರ್ ದೂರದಲ್ಲಿರುವ ತೂತಿನ ಗೋಡೆಗೆ ನೂರು ಕಿಲೋದಷ್ಟು ಬೀಳುತ್ತದೆ. ಆ ಒತ್ತು ಪದರದ ಉದ್ದಕ್ಕೆ ಹರಿಯಬೇಕೋ, ಪದರಗಳನ್ನು ಬಿಡಿಸುವಂತೆ ಹರಿಯಬೇಕೋ ಎಂಬುದನ್ನು ಹಿಡಿಕೆಯನ್ನು ಮಲಗಿಸಿ ಪ್ರಿಂಟ್ ಮಾಡಿದೆವೋ ನಿಲ್ಲಿಸಿ ಮಾಡಿದೆವೋ ಎನ್ನುವುದು ತೀರ್ಮಾನಿಸುತ್ತದೆ. ಮಲಗಿಸಬೇಕು. ತೂತಿನ ಮೂಲೆಗಳನ್ನು ಚೂಪಾಗಿ ಬಿಡದೆ ದುಂಡಾಗಿಸಬೇಕು, ಇಲ್ಲವಾದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಬಲ ಸಾಲದಿದ್ದರೆ ಒಳಗಿನ ಜಾಳಿಗೆಯನ್ನು ಒತ್ತಾಗಿಸುವುದಕ್ಕಿಂತ ಹೊರಗೋಡೆಯ ಸುತ್ತು ಹೆಚ್ಚಿಸುವುದು ಜಾಣತನ. ಇನ್ನು ತೂತು: ಕಂಪ್ಯೂಟರಿನಲ್ಲಿ 12 ಮಿಲಿಮೀಟರ್ ಎಂದು ಬಿಡಿಸಿದ್ದು ಕೈಗೆ ಬರುವಾಗ ಸಾಮಾನ್ಯವಾಗಿ ಕೂದಲೆಳೆಯಷ್ಟು ಕಿರಿದಾಗಿರುತ್ತದೆ. ಎಷ್ಟು ಕಿರಿದು ಎಂಬುದನ್ನು ನಿಮ್ಮದೇ ಯಂತ್ರದಲ್ಲಿ, ನಿಮ್ಮದೇ ಪ್ಲಾಸ್ಟಿಕ್ಕಿನಲ್ಲಿ ತೆಗೆದು, ವರ್ನಿಯರ್ ಹಿಡಿದು ನೋಡಿಯೇ ತಿಳಿಯಬೇಕು.

ಇಷ್ಟೆಲ್ಲ ಸರಿಮಾಡಿಕೊಂಡವನೂ ಏಪ್ರಿಲ್‌ನಲ್ಲಿ ಸೋಲಬಹುದು. ಶಾಲೆಗಳಲ್ಲಿ ಹೆಚ್ಚಾಗಿ ಬಳಸುವ ಪಿಎಲ್‌ಎ ಎಂಬ ಪ್ಲಾಸ್ಟಿಕ್ ಸುಮಾರು 60 ಡಿಗ್ರಿಗೆ ಮೆತ್ತಗಾಗತೊಡಗುತ್ತದೆ. ವಿಜಯಪುರ ಜಿಲ್ಲೆಯ ಬೇಸಿಗೆಯಲ್ಲಿ ನೆರಳಿನ ತಾಪವೇ 40 ದಾಟುತ್ತದೆ. ಬಿಸಿಲಿಗೆ ಬಿದ್ದ ಕಪ್ಪು ಹಿಡಿಕೆಗೆ 60 ದೂರವೇನಲ್ಲ. ಪಿಎಲ್‌ಎ ಹಿಡಿಕೆ ಮುರಿಯುವುದಿಲ್ಲ, ಬಾಗುತ್ತದೆ. ಬಿಸಿಲು ತಾಳುವ ಎಎಸ್‌ಎಯನ್ನೋ, ಪಿಎಲ್‌ಎಗಿಂತ ಸ್ವಲ್ಪ ಹೆಚ್ಚು ಕಾವು ತಡೆಯುವ ಪಿಇಟಿಜಿಯನ್ನೋ ಆರಿಸಬೇಕು ಎಂಬುದನ್ನು ಯಾವ ಗುಂಡಿಯೂ ಹೇಳಿಕೊಡುವುದಿಲ್ಲ.

ಅದೇ ಮುರಿದ ಹಿಡಿಕೆಯನ್ನು ಇಂಡಿಯ ಲೇತ್ ಅಂಗಡಿಗೆ ಒಯ್ದರೆ ಅಲ್ಲಿಯ ಮಿಸ್ತ್ರಿ ಕೇಳುವ ಮೊದಲ ಪ್ರಶ್ನೆಗಳೇ ಬೇರೆ. “ಎಷ್ಟ ಜೋರ ಹಾಕಿ ತಿರುವ್ತೀರಿ? ಬಿಸಲಾಗ ಇರ್ತೈತೋ ನೆರಳಾಗೋ? ಒಳಗಿನ ತೂತ ಚೌಕ ಐತೋ, ಎರಡ ಕಡೆ ಚಪ್ಪಟ ಐತೋ?” ಬಲ, ಪರಿಸರ, ಕೂಡಿಕೆ. ವಿನ್ಯಾಸಶಾಸ್ತ್ರದ ಮೊದಲ ಅಧ್ಯಾಯ ಅವನ ಬಾಯಲ್ಲಿ ಮೂರು ಪ್ರಶ್ನೆಯಲ್ಲಿ ಮುಗಿಯುತ್ತದೆ. ಆಮೇಲೆ ಅವನು ಒಂದು ಕಬ್ಬಿಣದ ಪಟ್ಟಿಗೆ ತೂತು ಕೊರೆದು, ಅರದಿಂದ ಉಜ್ಜಿ ಕೈಗೆ ಕೊಟ್ಟರೂ ಕೊಟ್ಟಾನು. ಆ ಪಟ್ಟಿ ಕಾಕ್‌ಗಿಂತ ಹೆಚ್ಚು ದಿನ ಬಾಳುತ್ತದೆ. ನಿಜ ಹೇಳಬೇಕೆಂದರೆ ಈ ಹಿಡಿಕೆಗೆ ಕಬ್ಬಿಣದ ಪಟ್ಟಿಯೇ ಸರಿಯಾದ ಉತ್ತರ. ಯಾವುದನ್ನು ಪ್ರಿಂಟ್ ಮಾಡಬಾರದು ಎಂದು ಗೊತ್ತಿಲ್ಲದವನಿಗೆ ಪ್ರಿಂಟರ್ ಗೊತ್ತಿದೆ ಎಂದು ನಾನು ಒಪ್ಪುವುದಿಲ್ಲ. ಇಂಥ ಮಿಸ್ತ್ರಿಯ ತಿಳಿವಳಿಕೆ ಇನ್ನು ಬೇಕಿಲ್ಲ ಎನ್ನುವವರು ಅವನ ಪ್ರಶ್ನೆಗಳಿಗೆ ಏನು ಉತ್ತರ ಇಟ್ಟುಕೊಂಡಿದ್ದಾರೆ?

‘ಆಕಾರದ ಹಂಗಿಲ್ಲ’ ಎಂಬ ಮಾತು ಹುಟ್ಟಿದ್ದು ಒಂದು ಸಣ್ಣ ಸತ್ಯದಿಂದ. ಚಕ್ ಹಲ್ 1984ರಲ್ಲಿ ತ್ರೀಡಿ ಮುದ್ರಣದ ಪೇಟೆಂಟಿಗೆ ಅರ್ಜಿ ಹಾಕಿದಾಗ ಆತನ ಮುಂದಿದ್ದದ್ದು ಮಾದರಿಯ ಸಮಸ್ಯೆ: ಒಂದು ಪ್ಲಾಸ್ಟಿಕ್ ಭಾಗದ ವಿನ್ಯಾಸ ಸರಿಯಿದೆಯೇ ಎಂದು ನೋಡಲು ವಾರಗಟ್ಟಲೆ ಕಾದು ಅಚ್ಚು ಮಾಡಿಸಬೇಕಿತ್ತು. ಪದರದ ಮೇಲೆ ಪದರ ಕಟ್ಟುವ ವಿಧಾನದಲ್ಲಿ ಅಚ್ಚು ಬೇಡ. ಬೆಳಿಗ್ಗೆ ಬಿಡಿಸಿದ್ದನ್ನು ಸಂಜೆ ಕೈಯಲ್ಲಿ ಹಿಡಿಯಬಹುದು. ಅಚ್ಚಿಲ್ಲದ ಕಾರಣ ಆಕಾರ ಬದಲಿಸಿದರೆ ಹೊಸ ಅಚ್ಚಿನ ಖರ್ಚಿಲ್ಲ. ಇಷ್ಟೇ ಸತ್ಯ. ಪ್ಲಾಸ್ಟಿಕ್ ಎಳೆಯ ಮುದ್ರಣದ ಮೂಲ ಪೇಟೆಂಟ್ 2009ರಲ್ಲಿ ಮುಗಿದ ಮೇಲೆ, ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದಲ್ಲಿ ಏಡ್ರಿಯನ್ ಬೋಯರ್ 2005ರಲ್ಲಿ ಶುರುಮಾಡಿದ್ದ ರೆಪ್‌ರ‍್ಯಾಪ್ ಯೋಜನೆಯ ಹಾದಿಯಲ್ಲಿ ಅಗ್ಗದ ಯಂತ್ರಗಳು ಪೇಟೆಗೆ ನುಗ್ಗಿದವು. ಯಂತ್ರದ ಬೆಲೆ ಇಳಿದಂತೆ ಮಾರುವವರ ಮಾತು ಏರಿತು. ‘ಹೊಸ ಅಚ್ಚಿನ ಖರ್ಚಿಲ್ಲ’ ಎಂಬುದು ‘ಖರ್ಚೇ ಇಲ್ಲ’ ಎಂದಾಯಿತು. ಖರ್ಚು ಎಲ್ಲಿಗೂ ಹೋಗಿಲ್ಲ, ಜಾಗ ಬದಲಿಸಿದೆ ಅಷ್ಟೆ. ಆಧಾರ ಕಟ್ಟುವುದರಲ್ಲಿ, ಅದನ್ನು ಕೀಳುವುದರಲ್ಲಿ, ಉಜ್ಜುವುದರಲ್ಲಿ, ಕೆಟ್ಟುಹೋದ ಪ್ರಿಂಟುಗಳಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಹೊತ್ತಿನಲ್ಲಿ ಅದು ಕೂತಿದೆ. ಒಂದು ವಸ್ತುವನ್ನು ಮೂರೂ ದಿಕ್ಕಿಗೆ ಇಮ್ಮಡಿ ಮಾಡಿದರೆ ಗಾತ್ರ ಎಂಟು ಪಟ್ಟು. ಒಂದು ಗಂಟೆಯ ಪ್ರಿಂಟ್ ಹೆಚ್ಚುಕಡಿಮೆ ಇಡೀ ದಿನದ ಕೆಲಸವಾಗುತ್ತದೆ. ಆ ದಿನ ಹಳ್ಳಿಯಲ್ಲಿ ಕರೆಂಟು ಹೋಗದಿರಲಿ ಎಂದು ಹರಕೆಯನ್ನೂ ಹೊರಬೇಕು.

ಇಲ್ಲಿ ವಾದಿಗಳು ತಮ್ಮ ಬ್ರಹ್ಮಾಸ್ತ್ರ ತೆಗೆಯುತ್ತಾರೆ: ರಾಕೆಟ್ ಎಂಜಿನ್ನನ್ನೇ ಪ್ರಿಂಟ್ ಮಾಡಿದ್ದಾರೆ, ನಿಮ್ಮ ಕಾಕ್ ಹಿಡಿಕೆ ಯಾವ ಲೆಕ್ಕ? ಸರಿ, ಆ ಎಂಜಿನ್ನನ್ನೇ ನೋಡೋಣ. ಅದು ನನ್ನ ಪರವಾಗಿ ಸಾಕ್ಷಿ ಹೇಳುತ್ತದೆ. ಪಿಎಸ್‌ಎಲ್‌ವಿ ರಾಕೆಟಿನ ನಾಲ್ಕನೆಯ ಹಂತದ ಪಿಎಸ್4 ಎಂಜಿನ್ನನ್ನು ಇಸ್ರೋ 2024ರ ಮೇ 9ರಂದು 665 ಸೆಕೆಂಡ್ ಉರಿಸಿ ಪರೀಕ್ಷಿಸಿತು. ಲೋಹದ ಪುಡಿಯನ್ನು ಲೇಸರ್‌ನಿಂದ ಪದರ ಪದರವಾಗಿ ಬೆಸೆದು ಅದನ್ನು ತಯಾರಿಸಿದ್ದು ವಿಪ್ರೋ ತ್ರೀಡಿ, ನಮ್ಮ ಬೆಂಗಳೂರಿನ ಸಂಸ್ಥೆ. ಹದಿನಾಲ್ಕು ಭಾಗಗಳಿದ್ದದ್ದು ಒಂದೇ ಭಾಗವಾಯಿತು. 19 ಬೆಸುಗೆಗಳು ಇಲ್ಲವಾದವು. ಮೊದಲು 565 ಕಿಲೋ ಲೋಹದ ತುಂಡು–ತಗಡು ಬೇಕಿದ್ದಲ್ಲಿ 13.7 ಕಿಲೋ ಪುಡಿ ಸಾಕಾಯಿತು. ತಯಾರಿಕೆಯ ಹೊತ್ತು ನೂರಕ್ಕೆ 60ರಷ್ಟು ಇಳಿಯಿತು. ಬೆರಗಾಗಬೇಕಾದ ಲೆಕ್ಕವೇ. ಆದರೆ ಹಳೆಯ ಹದಿನಾಲ್ಕು ಭಾಗಗಳ ನಕ್ಷೆಗಳನ್ನು ಒಂದೊಂದಾಗಿ ಪ್ರಿಂಟರಿಗೆ ಉಣಿಸಿದ್ದರೆ ಈ ಲೆಕ್ಕ ಹೀಗೆ ಬರುತ್ತಿರಲಿಲ್ಲ. ಹದಿನಾಲ್ಕು ಭಾಗ ಹದಿನಾಲ್ಕಾಗಿಯೇ ಉಳಿದು, 19 ಬೆಸುಗೆ ಹಾಗೇ ಇರುತ್ತಿದ್ದವು. ಇಸ್ರೋದ ದ್ರವ ನೋದನ ಕೇಂದ್ರದವರು ಎಂಜಿನ್ನನ್ನು ಈ ತಯಾರಿಕಾ ವಿಧಾನಕ್ಕೆ ಒಗ್ಗುವಂತೆ ಹೊಸದಾಗಿ ವಿನ್ಯಾಸ ಮಾಡಿದರು, ಅದನ್ನು ಇಸ್ರೋ ತಾನೇ ಹೇಳಿಕೊಂಡಿದೆ. ಲೋಹದ ಮುದ್ರಣದಲ್ಲಿ ಒಳಗಿನ ಕೊಳವೆಗಳಲ್ಲಿ ಬೆಸೆಯದ ಪುಡಿ ಉಳಿಯುತ್ತದೆ. ಅದು ಹೊರಬರಲು ದಾರಿಯನ್ನು ನಕ್ಷೆಯಲ್ಲೇ ಇಡಬೇಕು. ಬಿಸಿಯಿಂದ ಭಾಗ ಸೊಟ್ಟಗಾಗದಂತೆ ಎಲ್ಲಿ ಹಿಡಿದಿಡಬೇಕು, ಎಲ್ಲಿ ಆಮೇಲೆ ಕೊರೆದು ನುಣುಪು ಮಾಡಬೇಕು ಎಂಬುದನ್ನೂ ಮೊದಲೇ ಯೋಚಿಸಿರಬೇಕು. ಪತ್ರಿಕೆಗಳ ತಲೆಬರಹದಲ್ಲಿ ‘ಮುದ್ರಿತ ಎಂಜಿನ್’ ಬಂತು, ‘ಮರುವಿನ್ಯಾಸಗೊಂಡ ಎಂಜಿನ್’ ಬರಲಿಲ್ಲ. ಈ ತಪ್ಪು ತಿಳಿವಳಿಕೆಗೆ ನಾವು ಬರೆಯುವವರೂ ಹೊಣೆ.

ಹಳೆಯ ಕಸುಬು ಸತ್ತಿತು ಎನ್ನುವವರು ಒಮ್ಮೆ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳ ಕಡೆ ಹೋಗಿಬರಬೇಕು. ಎರಕಕ್ಕೆ ಮೊದಲು ಮರದ ಪ್ಯಾಟರ್ನ್ ಮಾಡಿ, ಅದನ್ನು ಮರಳಿನಲ್ಲಿ ಒತ್ತಿ ಗುಳಿ ಮಾಡುವುದು ಹಳೆಯ ಪದ್ಧತಿ. ಆ ಪ್ಯಾಟರ್ನನ್ನು ಈಗ ಪ್ರಿಂಟ್ ಮಾಡಿಕೊಳ್ಳಬಹುದು. ಇದು ಪ್ರಿಂಟರಿಗೆ ಸಲ್ಲುವ ಕೆಲಸವೂ ಹೌದು, ಏಕೆಂದರೆ ಬೇಕಾಗಿರುವುದು ಒಂದೇ, ಸಿಕ್ಕಾದ ಆಕಾರ, ಹೊರೆ ಹೊರುವ ಕೆಲಸವಿಲ್ಲ. ಆದರೆ ಬೀಡುಕಬ್ಬಿಣ ಆರುವಾಗ ನೂರಕ್ಕೆ ಸುಮಾರು ಒಂದರಷ್ಟು ಕುಗ್ಗುತ್ತದೆ, ಅಲ್ಯೂಮಿನಿಯಂ ಇನ್ನೂ ಸ್ವಲ್ಪ ಹೆಚ್ಚು. ಪ್ಯಾಟರ್ನ್ ಅಷ್ಟು ದೊಡ್ಡದಿರಬೇಕು. ಮರಳಿನಿಂದ ಎತ್ತುವಾಗ ಗುಳಿ ಕೆಡದಂತೆ ಗೋಡೆಗಳಿಗೆ ಒಂದೆರಡು ಡಿಗ್ರಿ ಓರೆ ಬೇಕು. ಮೇಲ್ಮೈಯಲ್ಲಿ ಪದರದ ಗೆರೆ ಉಳಿದರೆ ಮರಳು ಕಚ್ಚಿಕೊಳ್ಳುತ್ತದೆ, ಉಜ್ಜಿ ಬಣ್ಣ ಬಳಿಯಬೇಕು. ಇದೆಲ್ಲ ಪ್ಯಾಟರ್ನ್ ಮಾಡುವವನಿಗೆ ಬೆರಳ ತುದಿಯಲ್ಲಿರುವ ವಿದ್ಯೆ. ಕುಗ್ಗುವುದನ್ನು ಮೊದಲೇ ಸೇರಿಸಿ ಗೆರೆ ಹಾಕಿದ ಅಳತೆಪಟ್ಟಿಯೇ ಅವನ ಬಳಿ ಬೇರೆ ಇರುತ್ತದೆ. ಪ್ರಿಂಟರ್ ಅವನ ಉಳಿಯನ್ನು ಬದಿಗಿಡಿಸಬಹುದು. ತಲೆಯನ್ನಲ್ಲ.

ಯಂತ್ರ ಬಂದರೆ ಸಾಕು ಎಂಬ ಜಾಡಿನಲ್ಲೇ ಸರ್ಕಾರದ ಕಾಗದಪತ್ರಗಳೂ ಇವೆ. 2022ರ ಫೆಬ್ರುವರಿಯಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ ತ್ರೀಡಿ ಮುದ್ರಣದ ತಯಾರಿಕೆಗಾಗಿ ರಾಷ್ಟ್ರೀಯ ಕಾರ್ಯನೀತಿ ಹೊರಡಿಸಿತು. ಮೂರು ವರ್ಷದಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ನೂರಕ್ಕೆ 5ರಷ್ಟು ಪಾಲು, 50 ತಂತ್ರಜ್ಞಾನ, 100 ಸ್ಟಾರ್ಟಪ್, 500 ಉತ್ಪನ್ನ, ಒಂದು ಲಕ್ಷ ನುರಿತ ಕೆಲಸಗಾರರು ಎಂಬುದು ಅದರ ಗುರಿಯಾಗಿತ್ತು. ಯಾವುದರಲ್ಲಿ ನುರಿತವರು ಎಂಬುದೇ ನನ್ನ ಪ್ರಶ್ನೆ. ಯಂತ್ರ ನಡೆಸುವವರನ್ನು ವಾರದಲ್ಲಿ ತಯಾರು ಮಾಡಬಹುದು. ಈ ಭಾಗಕ್ಕೆ ಯಾವ ಬದಿಯಿಂದ ಹೊರೆ ಬೀಳುತ್ತದೆ ಎಂದು ಕೇಳುವವರು ವಾರದಲ್ಲಿ ತಯಾರಾಗುವುದಿಲ್ಲ. ಶಾಲೆಗಳ ಮಾತಿಗೆ ಬಂದರೆ, ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬುಗಳು ಹತ್ತು ಸಾವಿರವಾಗಿವೆ. ಇನ್ನೂ 50,000 ಬರುತ್ತವೆ ಎಂದು 2025ರ ಬಜೆಟ್ ಹೇಳಿತು. ಒಂದು ಲ್ಯಾಬಿಗೆ 20 ಲಕ್ಷದವರೆಗೆ ಅನುದಾನ: ಅರ್ಧ ಸಲಕರಣೆಗೆ, ಅರ್ಧ ಹೆಚ್ಚೆಂದರೆ ಐದು ವರ್ಷದ ನಿರ್ವಹಣೆಗೆ. ಐದು ವರ್ಷದ ಮೇಲೆ?

ಸಾಲೋಟಗಿಯ ಹೆಸರು ಬಂದಾಗಲೆಲ್ಲ ಅಲ್ಲಿಯ ಶಾಸನದ ಹೆಮ್ಮೆಯೂ ಬರುತ್ತದೆ, ಬರಲಿ. ಕ್ರಿ.ಶ. 945ರಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ಅವನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಗೆ ಬೇರೆ ಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಭಾಷಣಗಳು ಇಲ್ಲಿಗೆ ನಿಲ್ಲುತ್ತವೆ. ಶಾಸನ ಇಲ್ಲಿಗೆ ನಿಲ್ಲುವುದಿಲ್ಲ, ಅದು ದಾನದ ಲೆಕ್ಕ ಕೊಡುತ್ತದೆ: ವಿದ್ಯಾರ್ಥಿಗಳಿರಲು 27 ಮನೆ, ಮುಖ್ಯ ಗುರುವಿಗೆ 50 ನಿವರ್ತನ ಭೂಮಿ, ದೀಪಕ್ಕೆಂದೇ 12 ನಿವರ್ತನ, ಊರವರು ಮದುವೆ–ಮುಂಜಿಗಳಲ್ಲಿ ಕೊಡಬೇಕಾದ ಕಾಣಿಕೆ ಬೇರೆ. ಕಟ್ಟಡ ಕಟ್ಟಿ ಕೈತೊಳೆದುಕೊಳ್ಳಲಿಲ್ಲ ಅವರು. ಕಲಿಸುವವನ ಅನ್ನಕ್ಕೂ ದೀಪದ ಎಣ್ಣೆಗೂ ವರ್ಷ ವರ್ಷ ಫಸಲು ಕೊಡುವ ನೆಲ ಬಿಟ್ಟರು. ನಾವು ಯಂತ್ರ ಕೊಟ್ಟು, ಉದ್ಘಾಟನೆ ಮಾಡಿ, ಗಣಿತದ ಮೇಷ್ಟ್ರಿಗೆ ‘ಇದನ್ನೂ ಸ್ವಲ್ಪ ನೋಡಿಕೊಳ್ಳಿ’ ಅನ್ನುತ್ತೇವೆ. ಆ ಮೇಷ್ಟ್ರು ಪಾಪ ಏನು ಮಾಡಿಯಾರು? ಅಂತರ್ಜಾಲದಿಂದ ಸಿದ್ಧ ಫೈಲು ಇಳಿಸಿ, ಗಣಪತಿಯನ್ನೋ ಐಫೆಲ್ ಗೋಪುರವನ್ನೋ ಶಾಲೆಯ ಹೆಸರಿನ ಕೀಚೈನನ್ನೋ ತೆಗೆದು ಗಾಜಿನ ಕಪಾಟಿನಲ್ಲಿಡುತ್ತಾರೆ. ಬಂದ ಅಧಿಕಾರಿ ಫೋಟೋ ತೆಗೆಸಿಕೊಳ್ಳುತ್ತಾರೆ. ಮಕ್ಕಳು ಏನನ್ನೂ ಅಳೆಯಲಿಲ್ಲ, ಏನೂ ಮುರಿಯಲಿಲ್ಲ.

ಇನ್ನೊಂದು ವಾದವನ್ನು ಬೇಗ ಮುಗಿಸುತ್ತೇನೆ. ‘ಈಗ ಸಾಫ್ಟ್‌ವೇರೇ ವಿನ್ಯಾಸ ಮಾಡುತ್ತದೆ, ಬೇಡದ ಕಡೆ ತೆಗೆದು ಬೇಕಾದ ಕಡೆ ಉಳಿಸುತ್ತದೆ’ ಎನ್ನುತ್ತಾರೆ. ಹೌದು, ಮಾಡುತ್ತದೆ. ಆದರೆ ಹೊರೆ ಎಷ್ಟು, ಎಲ್ಲಿ ಹಿಡಿದಿದೆ, ಯಾವ ದಿಕ್ಕಿಗೆ ತಿರುವುತ್ತಾರೆ ಎಂದು ಮೊದಲು ಅದಕ್ಕೆ ಹೇಳಬೇಕು. ಲೇತ್ ಅಂಗಡಿಯ ಮಿಸ್ತ್ರಿ ಕೇಳಿದ್ದನ್ನೇ ಅದೂ ಕೇಳುತ್ತದೆ. ಉತ್ತರ ತಪ್ಪಿದ್ದರೆ ಅದು ತಪ್ಪು ಭಾಗವನ್ನು ಬಹಳ ಚಂದವಾಗಿ ಮಾಡಿಕೊಡುತ್ತದೆ.

ಹಾಗಾದರೆ ಹಳ್ಳಿಗೆ ಈ ಯಂತ್ರ ಬೇಡವೇ? ಬೇಕು, ಅದು ಯಾವುದಕ್ಕೆ ಹುಟ್ಟಿತೋ ಅದಕ್ಕೆ. ಮೊದಲ ತಪ್ಪನ್ನು ಅಗ್ಗ ಮಾಡಲು ಹುಟ್ಟಿದ ಯಂತ್ರ ಇದು. ಕಬ್ಬಿಣದಲ್ಲೋ ಅಚ್ಚಿನಲ್ಲೋ ಸಾವಿರಾರು ರೂಪಾಯಿಯ ತಪ್ಪು ಇಲ್ಲಿ ಹತ್ತಿಪ್ಪತ್ತು ರೂಪಾಯಿಯ ಪ್ಲಾಸ್ಟಿಕ್ಕಿನಲ್ಲಿ ಮುಗಿಯುತ್ತದೆ. ಮಾಡು, ಕೂಡಿಸಿ ನೋಡು, ಅಳೆ, ತಿದ್ದು, ಮತ್ತೆ ಮಾಡು. ಈ ಸುತ್ತನ್ನೇ ಬಿಟ್ಟು ಕೊನೆಯ ವಸ್ತುವನ್ನಷ್ಟೇ ತೋರಿಸುವ ಪ್ರದರ್ಶನಗಳಿಗೆ ಬಹುಮಾನ ಕೊಡುವುದನ್ನು ನಿಲ್ಲಿಸಬೇಕು. ಮುರಿದ ಆವೃತ್ತಿಗಳನ್ನೂ ಅವು ಎಲ್ಲಿ, ಏಕೆ ಮುರಿದವು ಎಂಬ ಟಿಪ್ಪಣಿಯನ್ನೂ ಮೇಜಿನ ಮೇಲೆ ಇಡದ ತಂಡವನ್ನು ತೀರ್ಪುಗಾರರು ಮುಂದಿನ ಸುತ್ತಿಗೆ ಬಿಡಬಾರದು.

ಇಂಡಿ ಲಿಂಬೆಗೆ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿದೆ, ಲಿಂಬೆ ಅಭಿವೃದ್ಧಿ ಮಂಡಳಿಯೂ ಇಂಡಿಯಲ್ಲೇ ಇದೆ. ಕಾಯಿಯ ಗಾತ್ರ ದರವನ್ನು ಏರಿಳಿಸುತ್ತದೆ. ಕಣ್ಣಳತೆಯಲ್ಲಿ ಆರಿಸುವಾಗ ರೈತನ ‘ದೊಡ್ಡದು’ ದಲಾಲನ ಕೈಯಲ್ಲಿ ‘ಮಧ್ಯಮ’ವಾಗುತ್ತದೆ. ಶಾಲೆಯ ಮಕ್ಕಳಿಗೆ ಈ ಕೆಲಸ ಕೊಡಿ: 35, 40, 45 ಮಿಲಿಮೀಟರಿನ ಅಳತೆ ಬಳೆಗಳು, ಒಂದೇ ಹಿಡಿಕೆಗೆ ಮೂರು. ಮಲಗಿಸಿ ಪ್ರಿಂಟ್ ಮಾಡಿದರೆ ಆಧಾರ ಬೇಡ. ಹೊರೆ ಇಲ್ಲ. ಬೇಕಾಗುವುದು ಸಾವಿರವಲ್ಲ, ಊರಿಗೆ ಹತ್ತು. ಒಳಅಂಚು ಚೂಪಾಗಿದ್ದರೆ ಸಿಪ್ಪೆ ಗೀರುತ್ತದೆ, ದುಂಡಾಗಿಸಲು ಮಕ್ಕಳೇ ಕಲಿಯುತ್ತಾರೆ. ಮೊದಲ ಸಲ 40ರ ಬಳೆ 39.7 ಬರುತ್ತದೆ, ಆ ಮೂರು ದಶಾಂಶದಲ್ಲಿ ಯಾರ ದುಡ್ಡು ಹೋಗುತ್ತದೆ ಎಂದು ಕೇಳಿ. ರೈತರ ಮನೆಯ ಮಕ್ಕಳಿಗೆ ವರ್ನಿಯರ್ ಹಿಡಿಯಲು ಆಮೇಲೆ ಬೇರೆ ಪಾಠ ಬೇಕಾಗುವುದಿಲ್ಲ. ಬಿಸಿಲಿಗೆ ಬಿಟ್ಟರೆ ಬಳೆ ಸೊಟ್ಟಗಾಗುವುದನ್ನೂ ಅವರೇ ಕಂಡುಹಿಡಿದು ಪ್ಲಾಸ್ಟಿಕ್ ಬದಲಿಸುತ್ತಾರೆ. ಒಪ್ಪಿಗೆಯಾದ ಅಳತೆಯನ್ನು ಇಂಡಿಯ ಮಿಸ್ತ್ರಿಗೆ ಒಯ್ದು ತಗಡಿನಲ್ಲಿ ಕತ್ತರಿಸಿ ಕೊಡು ಎಂದರೆ ಮಾರುಕಟ್ಟೆಗೆ ಬೇಕಾದಷ್ಟು ಆಗುತ್ತವೆ. ಅಷ್ಟು ಹೊತ್ತಿಗೆ ಪ್ರಿಂಟರ್ ಮುಂದಿನ ಕೆಲಸಕ್ಕೆ ಖಾಲಿಯಾಗಿರುತ್ತದೆ.